ಗೇಟಿನ ಪುಸ್ತಕದಲ್ಲಿ 14, ಹಾಜರಿಯಲ್ಲಿ 13

2021ರ ಅಕ್ಟೋಬರ್ 25, ಸೋಮವಾರ. ಕೊರೊನಾದಿಂದ ಮುಚ್ಚಿದ್ದ 1ರಿಂದ 5ನೇ ತರಗತಿ ಮತ್ತೆ ಶುರುವಾದ ದಿನ. ನಮ್ಮ ಶಾಲೆಯ ಗೇಟಿನಲ್ಲಿ ಬಿಸಿಯೂಟದ ಅಡುಗೆ ಅಕ್ಕ ಥರ್ಮಲ್ ಸ್ಕ್ಯಾನರ್ ಹಿಡಿದು ನಿಂತಿದ್ದರು. ಮೊದಲ ವಾರ ಅರ್ಧ ದಿನದ ಶಾಲೆ, ಊಟ ಇರಲಿಲ್ಲ. ಹಾಗಾಗಿ ಗೇಟಿನ ಕೆಲಸ ಅವರಿಗೆ ಒಪ್ಪಿಸಿದ್ದೆವು. ಒಂದೊಂದೇ ಮಗುವಿನ ಹಣೆ ಹತ್ತಿರ ಸ್ಕ್ಯಾನರ್ ಹಿಡಿಯೋದು, ನೋಟ್‌ಬುಕ್‌ನಲ್ಲಿ ಹೆಸರು ಬರೆಯೋದು, ಎದುರಿಗೆ ಟೆಂಪರೇಚರ್ ಬರೆಯೋದು. ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದೆವು. ಹೆಡ್‌ಮಾಸ್ಟರ್ ಬೆಳಿಗ್ಗೆ ಏಳಕ್ಕೇ ಬಂದು ಕೈತೊಳೆಯುವ ನಲ್ಲಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದ್ದರು.

ನಮ್ಮದು ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆ. 1ರಿಂದ 5ನೇ ತರಗತಿ, ಆ ವರ್ಷ 43 ಮಕ್ಕಳು, ಇಬ್ಬರೇ ಶಿಕ್ಷಕರು. 4 ಮತ್ತು 5ನೇ ತರಗತಿ ಹೆಡ್‌ಮಾಸ್ಟರ್ ಪಾಲಿಗೆ, ನಲಿ-ಕಲಿ ಕೊಠಡಿ ನನ್ನ ಪಾಲಿಗೆ. ಅಂದರೆ 1, 2, 3ನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು, ಗುಂಪುಗಳಲ್ಲಿ ಕಾರ್ಡ್ ಹಿಡಿದು ಕಲಿಯುವ ಕೊಠಡಿ. 2020ರ ಮಾರ್ಚ್‌ನಲ್ಲಿ ಬಾಗಿಲು ಹಾಕಿದ ಆ ಕೊಠಡಿಯನ್ನು 19 ತಿಂಗಳ ಮೇಲೆ ಮಕ್ಕಳಿಗಾಗಿ ತೆರೆದಾಗ ಚಪ್ಪರದ ಹಾಗೆ ಮೇಲೆ ಕಟ್ಟಿದ್ದ ದಾರಕ್ಕೆ ಮಕ್ಕಳು ಬಿಡಿಸಿದ ಚಿತ್ರಗಳು ಇನ್ನೂ ನೇತಾಡುತ್ತಿದ್ದವು. ಅವುಗಳನ್ನು ಬಿಡಿಸಿದ ಮಕ್ಕಳಲ್ಲಿ ಕೆಲವರು ಆಗಲೇ ಪಕ್ಕದ ಕೊಠಡಿಗೆ ಹೋಗಿದ್ದರು.

ಶಾಲೆಗಳು ಮೇಲಿನ ತರಗತಿಯಿಂದ ಕೆಳಕ್ಕೆ ತೆರೆದುಕೊಂಡು ಬಂದಿದ್ದವು. ಆಗಸ್ಟ್ 23ಕ್ಕೆ 9ರಿಂದ 12, ಸೆಪ್ಟೆಂಬರ್ 6ಕ್ಕೆ 6ರಿಂದ 8, ಕೊನೆಗೆ ನಮ್ಮ ಪುಟಾಣಿಗಳು. ಈ ಕ್ರಮದ ಬಗ್ಗೆ ನನಗೆ ಅವತ್ತೂ ಬೇಜಾರಿತ್ತು, ಇವತ್ತೂ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮಹಾನಿರ್ದೇಶಕರಾಗಿದ್ದ ಬಲರಾಮ್ ಭಾರ್ಗವ ಅವರು ಅದೇ ವರ್ಷದ ಜುಲೈನಲ್ಲಿ, ತೆರೆಯುವುದಾದರೆ ಪ್ರಾಥಮಿಕ ಶಾಲೆಗಳನ್ನು ಮೊದಲು ತೆರೆಯುವುದು ಒಳ್ಳೆಯದು ಅಂತ ಹೇಳಿದ್ದರು. ದೊಡ್ಡ ಮಕ್ಕಳು ಚಂದನ ವಾಹಿನಿಯ ಸಂವೇದ ಪಾಠ ನೋಡಿಯಾದರೂ ಒಂದಿಷ್ಟು ಕಲಿತಾರು. ಆರು ವರ್ಷದ ಮಗುವಿಗೆ ಟಿವಿ ಅಕ್ಷರ ತೋರಿಸಬಹುದು, ಕೈ ಹಿಡಿದು ತಿದ್ದಿಸೋಕೆ ಆಗಲ್ಲ. ವಿದ್ಯಾಗಮ ಅಂತ 2020ರಲ್ಲಿ ದೇವಸ್ಥಾನದ ಜಗಲಿ ಮೇಲೆ, ಹೊಂಗೆ ಮರದ ಕೆಳಗೆ ಪಾಠ ಶುರು ಮಾಡಿದ್ದೆವು. ಅದೂ ಅಕ್ಟೋಬರ್‌ನಲ್ಲಿ ನಿಂತಿತು.

ಆದೇಶ ಬಂದಾಗ ಇದ್ದ ತಯಾರಿಗಳೆಲ್ಲ ನಿಮಗೆ ಗೊತ್ತಿರುವಂಥವೇ. ಪೋಷಕರ ಒಪ್ಪಿಗೆ ಪತ್ರ, ನಮ್ಮ ಎರಡೂ ಡೋಸ್ ಲಸಿಕೆಯ ಸರ್ಟಿಫಿಕೇಟ್, ಸ್ಯಾನಿಟೈಸರ್, ನೆಲದ ಮೇಲೆ ಸುಣ್ಣದ ಗುರುತು. ಒಪ್ಪಿಗೆ ಪತ್ರಗಳಲ್ಲಿ ಅರ್ಧಕ್ಕೆ ಅರ್ಧ ಅಜ್ಜಿಯರ ಹೆಬ್ಬೆಟ್ಟಿದ್ದವು. ಅಪ್ಪ ಅಮ್ಮ ಆಗಲೇ ಬೆಂಗಳೂರಿನ ಕೆಲಸಕ್ಕೆ ವಾಪಸ್ ಹೋಗಿದ್ದರು.

ನಾನು ಬರೆಯಬೇಕು ಅಂದುಕೊಂಡಿದ್ದು ಬ್ಯಾಚ್ ಮಾಡಿದ್ದರ ಬಗ್ಗೆ. ಒಂದು ಸಲಕ್ಕೆ ಅರ್ಧದಷ್ಟು ಮಕ್ಕಳು ಮಾತ್ರ ಬರಬೇಕಿತ್ತು. ನಾನು ಹಾಜರಿ ಪುಸ್ತಕ ತೆಗೆದುಕೊಂಡೆ. ಬೆಸ ಸಂಖ್ಯೆಯವರು ಸೋಮವಾರ, ಬುಧವಾರ, ಶುಕ್ರವಾರ. ಸಮ ಸಂಖ್ಯೆಯವರು ಮಂಗಳವಾರ, ಗುರುವಾರ, ಶನಿವಾರ. ಐದು ತರಗತಿಗೂ ಹೀಗೇ ಮಾಡಿದೆ. 22, 21. ಹತ್ತು ನಿಮಿಷದ ಕೆಲಸ. ಯಾರಿಗೂ ಪಕ್ಷಪಾತ ಇಲ್ಲ ಅಂತ ಸಮಾಧಾನವೂ ಆಯಿತು.

ಸೋಮವಾರ 22ಕ್ಕೆ ಬಂದಿದ್ದು 13. ಮಂಗಳವಾರ 21ಕ್ಕೆ 12. ಬುಧವಾರ 11. ಹೆದರಿಕೆ ಇರಬಹುದು, ನಿಧಾನಕ್ಕೆ ಬರ್ತಾರೆ ಅಂತ ನಾವಿಬ್ಬರೂ ಮಾತಾಡಿಕೊಂಡೆವು. ಆದರೆ ಒಪ್ಪಿಗೆ ಪತ್ರ ಕೊಟ್ಟವರೇ ಬಂದಿರಲಿಲ್ಲ. ಬುಧವಾರ ಮಧ್ಯಾಹ್ನ ಮಕ್ಕಳನ್ನು ಕಳಿಸಿದ ಮೇಲೆ ಬಾರದವರ ಪಟ್ಟಿ ಮಾಡಲು ಕೂತೆವು. ಸಂಜೆ ಮನೆ ಮನೆಗೆ ಹೋಗೋಣ ಅಂತ.

ನಾನು ಒಂದೊಂದೇ ಹೆಸರು ಓದುತ್ತಿದ್ದೆ. ಮನೆ ಎಲ್ಲಿ ಬರುತ್ತೆ ಅಂತ ಅಡುಗೆ ಅಕ್ಕ ಹೇಳುತ್ತಿದ್ದರು. 2ನೇ ತರಗತಿಯ ಒಬ್ಬ ಹುಡುಗಿಯ ಹೆಸರು ಓದಿ, ತಂದೆ ಹೆಸರು ಹೇಳಿದೆ.

"ಅಯ್ಯೋ, ಪುಟ್ಟಿ ಅಲ್ವಾ ಮಿಸ್? ಅವ್ಳು ಬಂದಿದ್ಳಲ್ಲ. ಸೋಮವಾರಾನೂ ಬಂದಿದ್ಳು, ಇವತ್ತೂ ಬಂದಿದ್ಳು."

ಅವರು ಗೇಟಿನ ನೋಟ್‌ಬುಕ್ ತಂದು ತೆರೆದರು. ಸೋಮವಾರದ ಪುಟದಲ್ಲಿ ಕೊನೆಯ ಸಾಲು, ದುಂಡು ಅಕ್ಷರದಲ್ಲಿ: "ತೋಟದ್ಮನೆ ಪುಟ್ಟಿ, 97.4". ಆ ಪುಟದಲ್ಲಿ 14 ಸಾಲು ಇದ್ದವು. ನಮ್ಮ ಹಾಜರಿ ಪುಸ್ತಕಗಳನ್ನು ಕೂಡಿಸಿದರೆ 13.

ಆ ಮಗು ಎರಡು ದಿನ ನನ್ನ ಕಣ್ಣೆದುರೇ, ಎರಡನೇ ಸುಣ್ಣದ ಗುರುತಿನ ಮೇಲೆ ಕೂತಿತ್ತು. ಹೆಸರು ಕರೆದಾಗ ಓಗೊಟ್ಟಿರಲಿಲ್ಲ. ನಾನು ಗೈರು ಹಾಕಿದ್ದೆ. ಮುಖದ ತುಂಬ ಮಾಸ್ಕ್. ನಮ್ಮ ಕಡೆ ಅಕ್ಕನ ಜೊತೆ ತಂಗಿ ಸುಮ್ನೆ ಶಾಲೆಗೆ ಬಂದು ಕೂರೋದು ಮಾಮೂಲು. ಯಾರದೋ ತಂಗಿ ಇರಬೇಕು ಅಂದುಕೊಂಡು ನಾನು ಕೇಳಲೂ ಇಲ್ಲ. ಅವಳು 2020ರಲ್ಲಿ 1ನೇ ತರಗತಿಗೆ ದಾಖಲಾದವಳು. ಒಂದು ದಿನವೂ ತರಗತಿಯಲ್ಲಿ ಕೂರದೆ 2ನೇ ತರಗತಿಗೆ ಪಾಸಾಗಿದ್ದಳು. ರೇಷನ್ ಅಕ್ಕಿ, ಬೇಳೆ ಕೊಡುವಾಗ ಬರುತ್ತಿದ್ದುದು ಅವಳ ಅಜ್ಜಿ. ವಿದ್ಯಾಗಮದ ಹೊತ್ತಿಗೆ ಅವಳು ಬೇರೆ ಊರಿನಲ್ಲಿದ್ದಳು. ಅವಳ ಹೆಸರನ್ನು ನಾನು ಎಷ್ಟೋ ದಾಖಲೆಗಳಲ್ಲಿ ಬರೆದಿದ್ದೆ. ಅವಳ ಮುಖ ನನಗೆ ಗೊತ್ತಿರಲಿಲ್ಲ.

ಅವತ್ತು ಸಂಜೆ ಆರು ಮನೆಗೆ ಹೋದೆವು. ಮೂರನೇ ಮನೆಯಲ್ಲೇ ನಮ್ಮ ಬೆಸ-ಸಮ ಲೆಕ್ಕ ಏನು ಮಾಡಿದೆ ಅಂತ ಗೊತ್ತಾಯಿತು. ಅಕ್ಕ 4ನೇ ತರಗತಿ, ತಮ್ಮ 2ನೇ ತರಗತಿ. ಅಕ್ಕನದು ಸೋಮವಾರ, ತಮ್ಮನದು ಮಂಗಳವಾರ. ಶಾಲೆಗೆ ಬರಬೇಕಾದರೆ ಕೆರೆ ಏರಿ ದಾಟಬೇಕು. ತಮ್ಮನನ್ನು ಒಬ್ಬನೇ ಕಳಿಸುವ ಹಾಗಿಲ್ಲ. ಅಕ್ಕ ಹೋದರೆ ತಮ್ಮನನ್ನು ಮನೆಯಲ್ಲಿ ನೋಡಿಕೊಳ್ಳುವವರಿಲ್ಲ. ಕಡ್ಲೆಕಾಯಿ ಕೀಳುವ ಕಾಲ, ಮನೆಯವರೆಲ್ಲ ಹೊಲದಲ್ಲಿ.

"ಒಬ್ರುನ್ನ ಕರ್ಕೊಂಡು ಒಬ್ರುನ್ನ ಬಿಟ್ರೆ ನಾನು ಕೂಲಿಗೆ ಹೋಗೋದೆಂಗೆ ಟೀಚ್ರಮ್ಮ? ಇಬ್ರುನ್ನೂ ಒಂದೇ ದಿನ ಕರ್ಕಳಿ, ಇಲ್ಲ ಇಬ್ರುನ್ನೂ ಬಿಡಿ" ಅಂದರು ಅಜ್ಜಿ.

ಕೋಪದಲ್ಲಿ ಹೇಳಿದ್ದಲ್ಲ. ಒಳಗಿಂದ ಕಡ್ಲೆಕಾಯಿ ತಂದು ನನ್ನ ಬ್ಯಾಗಿಗೆ ಸುರಿಯುತ್ತಲೇ ಹೇಳಿದ್ದು. ಆಮೇಲಿನ ಎರಡು ಮನೆಯಲ್ಲೂ ಅದೇ ಕಥೆ.

ವಾಪಸ್ ಬರುವಾಗ ದಾರಿಯಲ್ಲೇ ನಾನು ಹೊಸ ಉಪಾಯ ಹೇಳಿದೆ. ಬೀದಿ ಪ್ರಕಾರ ಮಾಡೋಣ ಸರ್. ಊರೊಳಗಿನವರು ಒಂದು ದಿನ, ಕೆರೆ ಆಚೆಯವರು ಒಂದು ದಿನ. ಅಣ್ಣತಮ್ಮಂದಿರೂ ಒಟ್ಟಿಗಿರ್ತಾರೆ, ಅಕ್ಕಪಕ್ಕದ ಮನೆ ಮಕ್ಕಳೂ ಜೊತೆಯಾಗಿ ಬರ್ತಾರೆ. ಹೆಡ್‌ಮಾಸ್ಟರ್ ಬೈಕ್ ನಿಲ್ಲಿಸಿಬಿಟ್ಟರು.

"ಬೇಡ ಮೇಡಂ. ಬೀದಿ ಲೆಕ್ಕದಲ್ಲಿ ಹಂಚಿದರೆ ಜಾತಿ ಲೆಕ್ಕದಲ್ಲಿ ಹಂಚಿದ ಹಾಗೇ ಆಗುತ್ತೆ. ಸೋಮವಾರ ಊರಿನ ಮಕ್ಕಳು, ಮಂಗಳವಾರ ಕಾಲೋನಿ ಮಕ್ಕಳು. ಮುಂದಿನ ವಾರ ಊಟ ಶುರುವಾಗುತ್ತೆ. ಆಗ ಯಾರು ಯಾವತ್ತು ಉಣ್ತಾರೆ ಅಂತ ಯೋಚನೆ ಮಾಡಿ. ಕೊರೊನಾ ಹೋದ ಮೇಲೆ 'ಹೀಗೇ ಚೆನ್ನಾಗಿತ್ತು, ಹೀಗೇ ಇರಲಿ' ಅಂತ ಯಾರಾದರೂ ಬಂದು ನಿಂತರೆ ನಾವೇನು ಹೇಳೋದು?"

ನನಗೆ ಮಾತು ಹೊರಡಲಿಲ್ಲ. ಮಕ್ಕಳ ಆರೋಗ್ಯ, ಮನೆಯವರ ಅನುಕೂಲ ಎರಡನ್ನೂ ನೋಡಿ, ಒಳ್ಳೆಯ ಮನಸ್ಸಿನಿಂದಲೇ ನಾನು ಹೇಳಿದ್ದೆ. ಆದರೂ ಒಂದು ತಪ್ಪನ್ನು ತಿದ್ದಲು ಹೋಗಿ, ಹತ್ತು ವರ್ಷ ಕಳೆದರೂ ಮಾಸದ ಇನ್ನೊಂದು ತಪ್ಪು ಮಾಡುವುದರಲ್ಲಿದ್ದೆ. ಅವರು ಆ ತಾಲ್ಲೂಕಿನಲ್ಲಿ ನನಗಿಂತ 15 ವರ್ಷ ಹೆಚ್ಚು ಕೆಲಸ ಮಾಡಿದವರು. ಆ ಒಂದು ನಿಮಿಷಕ್ಕೆ ನಾನು ಇವತ್ತಿಗೂ ಅವರಿಗೆ ಋಣಿ.

ಕೊನೆಗೆ ಮನೆ ಲೆಕ್ಕದಲ್ಲಿ ಪಟ್ಟಿ ಮಾಡಿದೆವು. 43 ಮಕ್ಕಳು, 29 ಮನೆ. ಒಂದು ಮನೆಯ ಮಕ್ಕಳೆಲ್ಲ ಒಂದೇ ಬ್ಯಾಚ್‌ನಲ್ಲಿ. ಆದರೆ ಪ್ರತಿ ಬೀದಿಯ ಮನೆಗಳೂ ಎರಡು ಬ್ಯಾಚ್‌ಗೂ ಹಂಚಿ ಹೋಗಬೇಕು. ದೂರದಿಂದ ಬರುವವರಿಗೆ ಜೊತೆಗೆ ಒಬ್ಬ ದೊಡ್ಡ ಹುಡುಗನೋ ಹುಡುಗಿಯೋ ಇರಬೇಕು. ಇದು ಹತ್ತು ನಿಮಿಷದ ಕೆಲಸವಾಗಲಿಲ್ಲ. ಗುರುವಾರ, ಶುಕ್ರವಾರ ಎರಡು ಸಂಜೆ ಹಿಡಿಯಿತು. ಅಡುಗೆ ಅಕ್ಕ ಪಕ್ಕದಲ್ಲೇ ಕೂತಿದ್ದರು. ಯಾವ ಮನೆಯವರು ಯಾವ ಮನೆಯವರ ಜೊತೆ ಮಾತಾಡ್ತಾರೆ, ಯಾರ ಮನೆ ಬಾವಿಯ ಹತ್ತಿರ ಕಟ್ಟೆ ಇಲ್ಲ, ಇದೆಲ್ಲ ಅವರಿಗೆ ಗೊತ್ತಿತ್ತು. ಶಾಲೆಯ ಉಸ್ತುವಾರಿ ಸಮಿತಿ ಎಸ್‌ಡಿಎಂಸಿಯ ಅಧ್ಯಕ್ಷರಿಗೆ ತೋರಿಸಿ ಒಪ್ಪಿಸಿದೆವು.

ನವೆಂಬರ್ 1 ರಾಜ್ಯೋತ್ಸವ. 2ರಿಂದ ಪೂರ್ತಿ ದಿನದ ಶಾಲೆ, ಹೊಸ ಪಟ್ಟಿ, ಜೊತೆಗೆ ಬಿಸಿಯೂಟ. ಅವತ್ತು 22ಕ್ಕೆ 20 ಮಕ್ಕಳು ಬಂದರು. ಇದರಲ್ಲಿ ಪಟ್ಟಿಯದ್ದೆಷ್ಟು, ಅನ್ನ ಸಾಂಬಾರಿನದ್ದೆಷ್ಟು ಅಂತ ಬಿಡಿಸಿ ಹೇಳುವುದು ಕಷ್ಟ. ಆದರೆ ಕೆರೆ ಏರಿ ಮೇಲೆ ಅಕ್ಕ ತಮ್ಮನ ಕೈ ಹಿಡಿದು ಬರುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ.

ಹಿಂದೆಯೇ ದೀಪಾವಳಿ ಬಂತು. ಆಮೇಲೆ ನವೆಂಬರ್‌ನ ಆ ಅಕಾಲದ ಮಳೆ. ಕೆರೆ ಕೋಡಿ ಬಿತ್ತು, ಮತ್ತೆ ರಜೆ. ಒಂದೊಂದು ರಜೆ ಮುಗಿದಾಗಲೂ ಮಕ್ಕಳು ಎರಡು ಹೆಜ್ಜೆ ಹಿಂದೆ ಹೋಗಿರುತ್ತಿದ್ದರು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು ನೋಡಿದ್ದರು. ಅವರಲ್ಲಿ ಶೇ 92ರಷ್ಟು ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಭಾಷೆಯ ಒಂದಾದರೂ ಸಾಮರ್ಥ್ಯ ಕಳೆದುಕೊಂಡಿದ್ದರು. ಓದಿದಾಗ ಅದು ಬರೀ ಅಂಕಿಯಾಗಿತ್ತು. ನನ್ನ ಕೊಠಡಿಯಲ್ಲಿ ಅದು ಹೇಗೆ ಕಂಡಿತು ಅಂದರೆ, 1ನೇ ತರಗತಿಯಲ್ಲಿ ಚಿಕ್ಕ ಚಿಕ್ಕ ಪದ ಓದುತ್ತಿದ್ದ ಹುಡುಗ 3ನೇ ತರಗತಿಗೆ ಬಂದು ಬಳಪ ಹಿಡಿದು ಸುಮ್ಮನೆ ಕೂತಿದ್ದ. ತಲೆಗೆ ಅಲ್ಪಸ್ವಲ್ಪ ನೆನಪಿತ್ತು, ಬೆರಳು ಮರೆತಿತ್ತು.

ನಲಿ-ಕಲಿಯಲ್ಲಿ ಕೆಲಸ ಮಾಡಿದವರಿಗೆ ಇದರ ಕಷ್ಟ ಬೇಗ ಅರ್ಥವಾಗುತ್ತೆ. ಅಲ್ಲಿ ಶಿಕ್ಷಕರ ಸಹಾಯದ ಗುಂಪು ಒಂದು ಕಡೆಯಾದರೆ, ಗೆಳೆಯರ ಸಹಾಯದಿಂದ ಕಲಿಯುವ ಗುಂಪು ಇನ್ನೊಂದು ಕಡೆ. ದೊಡ್ಡವರು ಚಿಕ್ಕವರಿಗೆ ಹೇಳಿಕೊಡ್ತಾರೆ ಅನ್ನುವುದರ ಮೇಲೇ ಕೊಠಡಿ ನಡೆಯುತ್ತೆ. ಈಗ 3ನೆಯವರೂ ಮೊಟ್ಟಮೊದಲು ಕಲಿಸುವ ಅಕ್ಷರಗಳಾದ ರ, ಗ, ಸ, ದ, ಅ ಹತ್ತಿರವೇ ನಿಂತಿದ್ದರು. ಹೇಳಿಕೊಡುವವರು ಯಾರು? ಕಾರ್ಡ್ ಹಂಚಿಕೊಳ್ಳುವ ಹಾಗಿಲ್ಲ, ದುಂಡಗೆ ಕೂರುವ ಹಾಗಿಲ್ಲ. ನನ್ನ ಬಾಯಿಗೆ ಮಾಸ್ಕ್, ಬ ಅಂದೆನೋ ಮ ಅಂದೆನೋ ಮಕ್ಕಳಿಗೆ ಗೊತ್ತಾಗುತ್ತಿರಲಿಲ್ಲ. ಪಾರದರ್ಶಕ ಫೇಸ್ ಶೀಲ್ಡ್ ಕೊಂಡೆ. ಬಿಸಿಲು ಏರುವ ಮೊದಲು ಹೊಂಗೆ ಮರದ ಕೆಳಗೆ ದೂರ ದೂರ ಕೂರಿಸಿ ತುಟಿ ತೋರಿಸಿ ಹೇಳಿಕೊಡುತ್ತಿದ್ದೆ. 5ನೇ ತರಗತಿಯ ಇಬ್ಬರು ಮಕ್ಕಳನ್ನು ದಿನಕ್ಕೆ ಅರ್ಧ ಗಂಟೆ ಕಳಿಸಿಕೊಡಿ ಅಂತ ಹೆಡ್‌ಮಾಸ್ಟರ್ ಹತ್ತಿರ ಕೇಳಿಕೊಂಡೆ. ಶಾಲೆ ಮುಚ್ಚುವಾಗ ಅವರು 3ನೇ ತರಗತಿ ಮುಗಿಸುತ್ತಿದ್ದವರು, ಓದು ಉಳಿದಿತ್ತು. ಚಿಕ್ಕವರಿಗೆ ಹೇಳಿಕೊಡುವ ಸಂಭ್ರಮದಲ್ಲಿ ಅವರ ಓದೂ ಗಟ್ಟಿಯಾಯಿತು. ಅಷ್ಟಕ್ಕೂ ನಾನು ಮೊದಲ ಎರಡು ವಾರ ಪರೀಕ್ಷೆ ಅಂತ ಯಾವ ಹಾಳೆಯನ್ನೂ ಕೊಡಲಿಲ್ಲ. ಹಿಂದಿನ ತರಗತಿಯ ಕಲಿಕೆ ಎಷ್ಟು ಉಳಿದಿದೆ ಅಂತ ನೋಡುವ ಸೇತುಬಂಧದ ಪೂರ್ವ ಪರೀಕ್ಷೆ ಆಮೇಲೆ ಮಾಡಿದೆ.

ಪುಟ್ಟಿಯ ವಿಷಯಕ್ಕೆ ಬರ್ತೀನಿ. ಶುಕ್ರವಾರ ಅವಳ ಪಕ್ಕದಲ್ಲಿ ಕೂತು ಹಾಜರಿಯ ಹೆಸರು ಹೇಳಿದೆ. ಅವಳು ಹಿಂದೆ ತಿರುಗಿ ನೋಡಿದಳು.

"ಅದು ನಿನ್ನ ಹೆಸರೇ ಪುಟ್ಟಿ."

"ಅಲ್ಲ ಮಿಸ್. ಅದು ಆಧಾರ್ ಕಾರ್ಡಿಂದು."

ಅವಳಿಗೆ ಗಂಟೆಯೂ ಗೊತ್ತಿರಲಿಲ್ಲ. ಬಿಡುವಿನ ಗಂಟೆ ಹೊಡೆದರೆ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಮನೆ ಕಡೆ ಹೊರಡುತ್ತಿದ್ದಳು. ಎರಡು ಸಲ ಅಡುಗೆ ಅಕ್ಕ ಗೇಟಿನಿಂದ ವಾಪಸ್ ಕರೆತಂದರು. ಅವಳ ಆಧಾರ್ ಹೆಸರಿನಲ್ಲಿ ಮೂರೇ ಅಕ್ಷರ, ಒಂದು ರ. ನಲಿ-ಕಲಿಯಲ್ಲಿ ಮೊದಲು ಬರುವುದೂ ರ. ನವೆಂಬರ್ ಕೊನೆಯಲ್ಲಿ ಒಂದು ದಿನ ಸ್ಲೇಟ್ ತಂದು ನನ್ನ ಮುಖದ ಹತ್ತಿರ ಹಿಡಿದಳು. ಸ್ಲೇಟಿನ ತುಂಬ ರ, ಕೆಲವು ತಲೆಕೆಳಗು, ಕೆಲವು ಸರಿ. "ಇದು ನನ್ ಹೆಸ್ರಲ್ಲೂ ಐತೆ ಮಿಸ್" ಅಂದಳು. ಮರುದಿನದಿಂದ ಹಾಜರಿ ಕರೆದಾಗ ಎಲ್ಲರಿಗಿಂತ ಜೋರಾಗಿ ಓಗೊಡುತ್ತಿದ್ದಳು.

2022ರ ಮೇ 16ಕ್ಕೆ ಶಾಲೆ ಶುರುವಾದಾಗ ಕಲಿಕಾ ಚೇತರಿಕೆ ಕಾರ್ಯಕ್ರಮ ಬಂತು. ಪಠ್ಯಪುಸ್ತಕ ಬದಿಗಿಟ್ಟು ಹಿಂದಿನ ವರ್ಷಗಳ ಕಲಿಕೆಯಿಂದಲೇ ಶುರು ಮಾಡಿ ಅಂದರು. ನಮಗೆ ನಿಜಕ್ಕೂ ಉಸಿರು ಬಂದ ಹಾಗಾಯಿತು. ಪುಟ್ಟಿ 5ನೇ ತರಗತಿ ಮುಗಿಸಿ ಪಕ್ಕದೂರಿನ ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದಾಳೆ.

ಈಗ ಪ್ರತಿ ವರ್ಷ ಹೊಸ ಹಾಜರಿ ಪುಸ್ತಕ ಬರೆದ ದಿನ ಅದನ್ನು ಹಿಡಿದು ಅಡುಗೆ ಮನೆಗೆ ಹೋಗ್ತೀನಿ. ಅಕ್ಕ ಅಕ್ಕಿ ಆರಿಸುತ್ತಾ ಹೇಳ್ತಾರೆ, ನಾನು ಒಂದೊಂದು ಹೆಸರಿನ ಪಕ್ಕದಲ್ಲಿ ಮನೆಯಲ್ಲಿ ಕರೆಯುವ ಹೆಸರನ್ನು ಪೆನ್ಸಿಲ್‌ನಲ್ಲಿ ಸಣ್ಣದಾಗಿ ಬರೆದುಕೊಳ್ತೀನಿ. ಈ ವರ್ಷ ಎರಡು ಚಿನ್ನು, ಒಬ್ಬ ಗುಂಡ, ಮತ್ತೆ ತೋಟದ್ಮನೆಯಿಂದಲೇ ಬಂದಿರುವ ಇನ್ನೊಬ್ಬಳು ಪುಟ್ಟಿ.