ಉಸಿರಿನ ಕೊನೆಯ ಚೂರು

ಮಡಿಕೇರಿಯ ಒಂದು ಆಸ್ಪತ್ರೆಯಲ್ಲಿ ಸ್ಪೈರೋಮೆಟ್ರಿ, ಅಂದರೆ ಊದಿಸಿ ಉಸಿರಿನ ಗಾಳಿ ಅಳೆಯುವ ಪರೀಕ್ಷೆ, ಮಾಡುವುದು ನನ್ನ ಕೆಲಸ. ಬಂದವರು ಅದನ್ನು ‘ಊದೋ ಟೆಸ್ಟ್’ ಅಂತಾರೆ. ಮಳೆಗಾಲದಲ್ಲಿ ಜನ ಜಾಸ್ತಿ. ಸೌದೆ ಒಣಗುವುದಿಲ್ಲ, ಕಿಟಕಿ ತೆರೆಯೋಕೆ ಆಗಲ್ಲ, ತೋಟದ ಕೆಲಸಗಾರರ ಲೈನ್ ಮನೆಯ ಒಲೆಯ ಹೊಗೆಯೆಲ್ಲ ಒಳಗೇ ಸುತ್ತುತ್ತದೆ.

ಅಂಥದೊಂದು ಮಳೆಗಾಲದಲ್ಲಿ ಸಿದ್ದಾಪುರ ಕಡೆಯ ಕಾಫಿ ತೋಟದಿಂದ ಒಬ್ಬ ಅಕ್ಕ ಬಂದಿದ್ದರು. ಬೀಡಿ ಮುಟ್ಟಿದವರಲ್ಲ. ಮೂವತ್ತು ವರ್ಷ ಸೌದೆ ಒಲೆಯ ಮುಂದೆ ಕೂತವರು. ಏರು ಹತ್ತುವಾಗ ದಮ್ಮು ಕಟ್ಟುತ್ತದೆ ಅಂದರು. ಊದಲು ಶುರು ಮಾಡಿ ನಾಲ್ಕು ಸೆಕೆಂಡ್ ಆಗುವಷ್ಟರಲ್ಲಿ ಮುಖ ಕೆಂಪಾಯಿತು. ನನಗೆ ಪಾಪ ಅನಿಸಿತು. “ಸಾಕು ಅಕ್ಕಾ, ಬಿಡಿ” ಅಂದೆ. ಮೂರು ಸಲವೂ ಹಾಗೇ ಮಾಡಿದೆ. ಅನುಪಾತ 0.74 ಬಂತು. ನಾರ್ಮಲ್ ಅಂತ ಕಳಿಸಿದೆ.

ಸಂಜೆ ಡಾಕ್ಟರ್ ಹೊರಬಂದ ಗಾಳಿಯ ಗ್ರಾಫ್ ನೋಡಿ ಕರೆದರು. “ಈ ಗೆರೆ ಇನ್ನೂ ಏರ್ತಾ ಇದೆ ಅಲ್ವಾ? ಯಾಕೆ ನಿಲ್ಲಿಸಿದ್ರಿ?”

ಆ ಅನುಪಾತದ ಲೆಕ್ಕ ಸುಲಭ. ಮೊದಲ ಒಂದು ಸೆಕೆಂಡಿನಲ್ಲಿ ಹೊರಬಂದ ಗಾಳಿಯನ್ನು ಒಟ್ಟು ಹೊರಬಂದ ಗಾಳಿಯಿಂದ ಭಾಗಿಸುತ್ತೇವೆ. ಉಸಿರು ಕೊಳವೆ ಹಿಗ್ಗಿಸುವ ಔಷಧಿ ಕೊಟ್ಟ ಮೇಲೂ ಅದು 0.70ಕ್ಕಿಂತ ಕಡಿಮೆ ಬಂದರೆ ಸಿಒಪಿಡಿ, ಅಂದರೆ ಉಸಿರು ಕೊಳವೆ ಕಟ್ಟಿಕೊಳ್ಳುವ ದೀರ್ಘಕಾಲದ ಕಾಯಿಲೆಯ ಅನುಮಾನ. ಬೇಗ ನಿಲ್ಲಿಸಿದರೆ ಒಟ್ಟು ಗಾಳಿ ಕಡಿಮೆ ಅಂತ ದಾಖಲಾಗುತ್ತದೆ, ಅನುಪಾತ ಸುಳ್ಳಾಗಿ ಮೇಲೇರುತ್ತದೆ. ನನ್ನ ಕನಿಕರವೇ ಅವರ ಕಾಯಿಲೆಯನ್ನು ಮುಚ್ಚಿಹಾಕಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಉಸಿರಿನ ಕೊನೆಯ ಭಾಗದ ಬಗ್ಗೆ ಓದಲು ಶುರು ಮಾಡಿದ್ದು ಆಮೇಲೆ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಸಂಶೋಧಕಿ ಆನಾ-ಕರಿನ್ ಓಲಿನ್ ಮತ್ತು ಅವರ ಜೊತೆಯವರು ಮಾಡಿದ ಕೆಲಸ ಆಗಲೇ ಸಿಕ್ಕಿತು. ನಾವು ಬಿಡುವ ಉಸಿರಿನಲ್ಲಿ ಕಣ್ಣಿಗೆ ಕಾಣದ ಹನಿಗಳಿರುತ್ತವೆ. ಅವನ್ನೇ ಹಿಡಿದು ಶ್ವಾಸಕೋಶದ ಸುದ್ದಿ ತಿಳಿಯುವ ವಿಧಾನ ಅದು. ಸೂಜಿ ಚುಚ್ಚಬೇಕಿಲ್ಲ, ನಳಿಕೆ ಇಳಿಸಬೇಕಿಲ್ಲ.

ಆ ಹನಿ ಹುಟ್ಟುವ ಬಗೆ ನನ್ನನ್ನು ಹಿಡಿದು ಕೂರಿಸಿತು. 2 ಮಿಲಿಮೀಟರಿಗಿಂತ ಸಣ್ಣ ಉಸಿರು ಕೊಳವೆಗಳ ಒಳಗೋಡೆಗೆ ತೆಳು ದ್ರವದ ಪೊರೆ ಇರುತ್ತದೆ. ಉಸಿರನ್ನು ಪೂರ್ತಿ ಖಾಲಿ ಮಾಡಿದಾಗ ಅವುಗಳಲ್ಲಿ ಹಲವು ಮುಚ್ಚಿಕೊಳ್ಳುತ್ತವೆ. ಮತ್ತೆ ಎಳೆದಾಗ ಒದ್ದೆ ಪ್ಲಾಸ್ಟಿಕ್ ಕವರ್ ಬಿಡಿಸಿದ ಹಾಗೆ ತೆರೆಯುತ್ತವೆ. ಆಗ ಪೊರೆ ಒಡೆದು ಹನಿ ಸಿಡಿಯುತ್ತದೆ. ಮುಂದಿನ ಉಸಿರಿನಲ್ಲಿ ಅದು ಹೊರಗೆ ಬರುತ್ತದೆ. ಅಳತೆ ಹೆಚ್ಚಾಗಿ 4 ಮೈಕ್ರೋಮೀಟರಿಗಿಂತ ಕಡಿಮೆ.

ಅದಕ್ಕೇ ಆ ಪರೀಕ್ಷೆಯಲ್ಲಿ ಮೊದಲು ಸೋಸಿದ ಗಾಳಿ ಉಸಿರಾಡಿಸುತ್ತಾರೆ. ಹೊರಗಿನ ಧೂಳು ಲೆಕ್ಕಕ್ಕೆ ಸೇರಬಾರದಲ್ವಾ. ಆಮೇಲೆ ಪೂರ್ತಿ ಬಿಡಿಸಿ, ಕೆಲವು ಸೆಕೆಂಡ್ ತಡೆದು, ತುಂಬ ಎಳೆಸಿ, ಮತ್ತೆ ಬಿಡಿಸುತ್ತಾರೆ. ಯಂತ್ರ ಹನಿಗಳನ್ನು ಎಣಿಸಿ, ಹಿಡಿದಿಡುತ್ತದೆ. ಸಿಗುವುದು ನ್ಯಾನೋಗ್ರಾಂ ಲೆಕ್ಕದಲ್ಲಿ. ಆದರೂ ಅದರಲ್ಲಿ ಕೊಬ್ಬು, ಪ್ರೋಟೀನು ಹುಡುಕಬಹುದು. ಒಂದು ಸಣ್ಣ ಅಧ್ಯಯನದಲ್ಲಿ ಸಿಒಪಿಡಿ ಇದ್ದವರ ಹನಿಗಳಲ್ಲಿ ಶ್ವಾಸಕೋಶದ ಒಳಪೊರೆಯಲ್ಲಿರುವ ‘ಸರ್ಫ್ಯಾಕ್ಟಂಟ್ ಪ್ರೋಟೀನ್ ಎ’ ಕಡಿಮೆ ಇತ್ತು. ನಮ್ಮಲ್ಲಿ ಆ ಯಂತ್ರ ಇಲ್ಲ. ಆದರೆ ಆ ಸಣ್ಣ ಕೊಳವೆಗಳಲ್ಲೇ ಕಾಯಿಲೆ ಮೊದಲು ಶುರುವಾಗುವುದು. ಅವು ಸುದ್ದಿ ಹೇಳುವುದು ಉಸಿರಿನ ತಳ ಮುಟ್ಟಿದ ಮೇಲೆ. ನಾನು ಸಾಕು ಅಂದಿದ್ದು ಅದಕ್ಕೂ ಮುಂಚೆ.

ಈಗ ನಾನು ಗೆರೆ ಚಪ್ಪಟೆಯಾಗುವ ತನಕ ನಿಲ್ಲಿಸುವುದಿಲ್ಲ. ಜೊತೆಗೆ ನಾನೂ ಉಸಿರು ಬಿಡುತ್ತಾ “ಇನ್ನೂ ಇದೆ, ಇನ್ನೂ ಸ್ವಲ್ಪ” ಅಂತ ಹೇಳುತ್ತಿರುತ್ತೇನೆ. ಸುಸ್ತಾದರೆ ನೀರು ಕೊಟ್ಟು, ಕೂರಿಸಿ, ಮತ್ತೆ ಮಾಡಿಸುತ್ತೇನೆ.

ಆ ಅಕ್ಕನನ್ನು ಫೋನ್ ಮಾಡಿ ಕರೆಸಿದೆವು. ಕೊಳವೆ ಹಿಗ್ಗಿಸುವ ಔಷಧಿ ಸಾಲ್ಬುಟಮಾಲ್ ಕೊಟ್ಟು ಹದಿನೈದು ನಿಮಿಷ ಕಾದು ಊದಿಸಿದೆ. ಹನ್ನೊಂದು ಸೆಕೆಂಡ್ ಊದಿದರು. 0.66.

“ಇಷ್ಟು ಹೊತ್ತು ಊದೋಕೆ ಆಗುತ್ತೆ ಅಂತ ನಂಗೇ ಗೊತ್ತಿರ್ಲಿಲ್ಲ ಸಿಸ್ಟರೇ” ಅಂದರು. ಡಾಕ್ಟರ್ ಇನ್ಹೇಲರ್ ಬರೆದರು. ಅದನ್ನು ಎಳೆಯುವ ಮುಂಚೆಯೂ ಉಸಿರು ಪೂರ್ತಿ ಬಿಡಬೇಕು. ಅದನ್ನು ನಾನೇ ಕೂತು, ಅವರಿಗೆ ಸರಿಯಾಗಿ ಬರುವ ತನಕ ಹೇಳಿಕೊಟ್ಟೆ.