ಇಪ್ಪತ್ತು ಹೆಜ್ಜೆ ಆದಮ್ಯಾಲ ತಿರುಗು

2003ರಲ್ಲಿ ನಾನು ಎಂಟನೇ ಇಯತ್ತೆ. ಹಿಂದಿನ ವರ್ಷವಷ್ಟೇ ವಾಯುಪಡೆಯ ನೆಲೆಯಾದ ಲೋಹಗಾಂವ್‌ಗೆ ಸುಖೋಯ್-30 ಎಂಕೆಐ ಯುದ್ಧವಿಮಾನಗಳು ಬಂದಿದ್ದವು. ಅವು ಮೇಲೇರಿದರೆ ಪುಣೆಯ ನಮ್ಮ ಕನ್ನಡ ಶಾಲೆಯಲ್ಲಿ ಪಾಠ ನಿಲ್ಲುತ್ತಿತ್ತು. ಗಣಿತದ ಮಾಸ್ತರರು ಖಡು ಹಿಡಿದ ಕೈಯನ್ನು ಹಲಗೆಯ ಮೇಲೆ ಹಾಗೇ ಇಟ್ಟುಕೊಂಡು ಸದ್ದಡಗುವವರೆಗೆ ಕಾಯುತ್ತಿದ್ದರು.

ನನ್ನ ಬೆಂಚಿನ ಗೆಳೆಯನ ಅಪ್ಪ ಬಾಗಲಕೋಟೆಯವರು, ವಾಯುಪಡೆಯಲ್ಲಿ ವಿಮಾನ ರಿಪೇರಿ ಕೆಲಸ. ಗೆಳೆಯ ಮನೆಯಿಂದ ಒಂದು ಸುದ್ದಿ ತಂದ: ಎರಡು ಫೈಟರ್‌ಗಳು ಒಂದೆರಡು ಕಿಲೋಮೀಟರ್ ಅಂತರದಲ್ಲಿ ಅಕ್ಕಪಕ್ಕ ಹಾರುತ್ತವೆ, ಒಬ್ಬರ ಬೆನ್ನು ಇನ್ನೊಬ್ಬರು ಕಾಯಲಿಕ್ಕೆ. ಆದರೆ ತಿರುಗಿದ ಮೇಲೆ ಎಡಗಡೆಯವ ಬಲಗಡೆಗೆ, ಬಲಗಡೆಯವ ಎಡಗಡೆಗೆ! ಸುಳ್ಳು ಎಂದೆ. ಜಗಳ ಮಾಸ್ತರರ ತನಕ ಹೋಯಿತು.

ವಿಮಾನ ಹತ್ತಿದವರಲ್ಲ ಅವರು. ಸ್ವಲ್ಪ ಯೋಚಿಸಿ ನಮ್ಮನ್ನು ಮೈದಾನಕ್ಕೆ ಕರೆದೊಯ್ದರು. "ಪರೇಡಿನ್ಯಾಗ 'ಘೂಮ್' ಅಂದ್ರ ಸಾಲು ತಿರಗೂವಾಗ, ತಿರಗೋ ಕಡೀಗಿರೋ ಒಳಗಿನಾಂವ ಸಣ್ಣ ಹೆಜ್ಜಿ ಇಡ್ತಾನ. ವಿಮಾನ ನಿಂತಲ್ಲೇ ಕಾಲು ಬಡೀತೈತೇನ್ರೋ?"

ಇಪ್ಪತ್ತು ಹೆಜ್ಜೆ ಅಂತರದಲ್ಲಿ ನಿಲ್ಲಿಸಿದರು. ಎಡಕ್ಕೆ ನಾನು, ಬಲಕ್ಕೆ ಅವನು. ಇಬ್ಬರೂ ಒಟ್ಟಿಗೇ ಬಲಕ್ಕೆ ತಿರುಗಿದಾಗ ಅವನ ಹಿಂದೆ ನಾನು, ನನ್ನ ಬೆನ್ನಿಗೆ ಯಾರೂ ಇಲ್ಲ. ಎರಡನೇ ಸಲ ನಾನು ಮೊದಲು ತಿರುಗಿದೆ. ಅವನು ನೆಟ್ಟಗೆ ಇಪ್ಪತ್ತು ಹೆಜ್ಜೆ ನಡೆದು ಆಮೇಲೆ ತಿರುಗಬೇಕು. ಅವನು ಮೊದಲು ನಿಂತಿದ್ದ ಜಾಗಕ್ಕೆ ನಾನು ಬರುವುದಕ್ಕೂ ಅವನು ತಿರುಗುವುದಕ್ಕೂ ಸರಿಹೋಯಿತು. ಮತ್ತೆ ಅಕ್ಕಪಕ್ಕ, ಮತ್ತೆ ಇಪ್ಪತ್ತೇ ಹೆಜ್ಜೆ. ಅವನು ನನ್ನ ಎಡಕ್ಕಿದ್ದ!

ಮಾಸ್ತರರು ಮಣ್ಣಿನಲ್ಲೇ ಲೆಕ್ಕ ಗೀಚಿದರು. ಗಂಟೆಗೆ 720 ಕಿಲೋಮೀಟರ್ ಅಂದರೆ ಸೆಕೆಂಡಿಗೆ 200 ಮೀಟರ್. ಅಂತರ 2 ಕಿಲೋಮೀಟರ್ ಇದ್ದರೆ ಒಳಗಿನವ ಕಾಯಬೇಕಾದ್ದು 10 ಸೆಕೆಂಡು. ನಮ್ಮ ಹಾಗೆ ವಿಮಾನ ನಿಂತಲ್ಲೇ ತಿರುಗುವುದಿಲ್ಲ, ನಿಜ. ಆದರೆ ಇಬ್ಬರೂ ಒಂದೇ ವೇಗದಲ್ಲಿ, ಒಂದೇ ಅಳತೆಯ ಬಾಗು ತೆಗೆದುಕೊಂಡರೆ ಲೆಕ್ಕ ಕೆಡದು. ಇದಕ್ಕೆ 'ಡಿಲೇಡ್ ಟರ್ನ್' ಅನ್ನುತ್ತಾರೆಂದು ಗೆಳೆಯನ ಅಪ್ಪ ಆಮೇಲೆ ಹೇಳಿದರು. ಮಾಸ್ತರರಿಗೆ ಹೆಸರಿನ ಗೊಡವೆ ಇರಲಿಲ್ಲ.

ಆ ಆಗಸ್ಟ್ 15ರ ಪರೇಡಿನಲ್ಲಿ 'ಘೂಮ್' ಕೂಗಿದಾಗ ನಾವಿಬ್ಬರೂ ಕಣ್ಣಲ್ಲೇ ಮಾತಾಡಿಕೊಂಡು ಜಾಗ ಬದಲಿಸಿಬಿಟ್ಟೆವು. ನಡುವಿನ ನಾಲ್ವರು ಡಿಕ್ಕಿ ಹೊಡೆದುಕೊಂಡರು. ಪಿ.ಟಿ. ಸರ್ ಸಿಟ್ಟಿನಿಂದ ಮಾಸ್ತರರ ಕಡೆ ನೋಡಿದರೆ, ಅವರು ವಿಮಾನವೇ ಇಲ್ಲದ ಆಕಾಶ ನೋಡುತ್ತಿದ್ದರು.