ಮಾನಿಟರ್ ಹಡಗು, ತಲೆಕೆಳಗಾದ ಗೋಪುರ, ಒಂದು ಬೆಕ್ಕು

ಅಕ್ಕನ ಮಗ ಇರೋದು ಅಮೆರಿಕದ ವರ್ಜೀನಿಯಾದಲ್ಲಿ, ಚೆಸಾಪೀಕ್ ಅನ್ನೋ ಊರಲ್ಲಿ. ಹೋದ ವರ್ಷ ಅವ್ನ ಮನೇಲಿ ಮೂರು ವಾರ ಇದ್ದೆ. ಒಂದು ಶನಿವಾರ ನ್ಯೂಪೋರ್ಟ್ ನ್ಯೂಸ್ ಕಡೆ ಹೊರಟ್ವಿ, ಉದ್ದಕ್ಕೆ ಸೇತುವೆ ಮೇಲೆ ಹೋಗ್ತಾ ಹೋಗ್ತಾ ಕಾರು ಇದ್ದಕ್ಕಿದ್ದಂಗೆ ನೀರಿನ ಕೆಳಗಿನ ಸುರಂಗಕ್ಕೆ ಇಳೀತು. ಅದ್ರ ಹೆಸರು ಮಾನಿಟರ್-ಮೆರಿಮ್ಯಾಕ್ ಮೆಮೋರಿಯಲ್ ಬ್ರಿಡ್ಜ್ ಟನಲ್. "ಮಾವ, ನೀವು ಹೇಳ್ತಿದ್ದ ಹ್ಯಾಂಪ್ಟನ್ ರೋಡ್ಸ್ ಇದೇ" ಅಂದ. ಎಷ್ಟೋ ವರ್ಷ ನಾನು ಅದು ಯಾವುದೋ ರಸ್ತೆ ಅಂದ್ಕೊಂಡಿದ್ದೆ ಕಣ್ರೀ, ಆಮೇಲೆ ಗೊತ್ತಾಗಿದ್ದು ರೋಡ್ಸ್ ಅಂದ್ರೆ ಹಡಗುಗಳು ಲಂಗರು ಹಾಕಿ ನಿಲ್ಲೋ ನೀರು ಅಂತ. ಹಿಂದಿನ ಸೀಟಲ್ಲಿದ್ದ ಅವ್ನ ಮಗಳಿಗೆ ಇದ್ಯಾವುದೂ ಬೇಕಿರ್ಲಿಲ್ಲ, ಚಿಪ್ಸ್ ತಿಂತಾ ಇದ್ಲು.

ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ಅಂತರ್ಯುದ್ಧದಲ್ಲಿ ಈ ನೀರಲ್ಲಿ ನಡೆದ ಹಡಗು ಕಾಳಗದ ಕಥೆ ಹೇಳೋರೆಲ್ಲ ಮಾನಿಟರ್, ಮೆರಿಮ್ಯಾಕ್ ಅನ್ನೋ ಎರಡು ಕಬ್ಬಿಣದ ಹಡಗು ಎದುರುಬದುರಾದ 1862ರ ಮಾರ್ಚ್ 9ನ್ನೇ ಹಿಡ್ಕೊಂಡು ಹೇಳ್ತಾರೆ. ನನ್ನ ಕೇಳಿದ್ರೆ ಅದಕ್ಕಿಂತ ಹಿಂದಿನ ದಿನವೇ ದೊಡ್ಡದು.

ಅಂತರ್ಯುದ್ಧ ಶುರುವಾದಾಗ ಉತ್ತರದವರು ನಾರ್ಫೋಕ್‌ನ ಹಡಗುಕಟ್ಟೆ ಬಿಟ್ಟು ಓಡೋವಾಗ ಮೆರಿಮ್ಯಾಕ್ ಅನ್ನೋ ತಮ್ಮದೇ ಹಡಗಿಗೆ ಬೆಂಕಿ ಇಟ್ಟು ಮುಳುಗಿಸಿ ಹೋಗಿದ್ರು. ದಕ್ಷಿಣದವರ ಹತ್ರ ದುಡ್ಡೂ ಇಲ್ಲ ಕಾರ್ಖಾನೆಗಳೂ ಜಾಸ್ತಿ ಇಲ್ಲ, ಅವ್ರು ಆ ಸುಟ್ಟ ಬುಡವನ್ನೇ ಮೇಲೆತ್ತಿ ಅದ್ರ ಮೇಲೆ ಇಳಿಜಾರು ಸೂರಿನ ಥರ ದಪ್ಪ ಮರದ ಗೋಡೆ ಕಟ್ಟಿ, ಅದಕ್ಕೆ ನಾಲ್ಕು ಇಂಚು ಕಬ್ಬಿಣದ ಪಟ್ಟಿ ಹೊಡೆದು, ಮೂತಿಗೆ ಗುದ್ದೋಕೆ ಅಂತ ಒಂದು ಕಬ್ಬಿಣದ ಕೊಂಬು ಸಿಗಿಸಿ ವರ್ಜೀನಿಯಾ ಅಂತ ಹೊಸ ಹೆಸರಿಟ್ರು. ಹೊಸ ಹೆಸರು ಜನರ ಬಾಯಿಗೆ ಹತ್ತಲೇ ಇಲ್ಲ, ಇವತ್ತಿಗೂ ಸುರಂಗದ ಬೋರ್ಡಲ್ಲಿ ಮೆರಿಮ್ಯಾಕೇ ಇದೆ. ಎಂಜಿನ್ ಮಾತ್ರ ಹಳೇದೇ, ಮೊದಲೇ ಕೆಟ್ಟು ರಿಪೇರಿಗೆ ಬಂದಿದ್ದು, ಮೇಲಿಂದ ನೀರಲ್ಲಿ ಬೇರೆ ನೆಂದಿತ್ತು. ಒಂದು ಸುತ್ತು ತಿರುಗೋಕೇ ಅರ್ಧ ಗಂಟೆಗೂ ಮೇಲೆ ಬೇಕಾಗ್ತಿತ್ತಂತೆ.

ಮಾರ್ಚ್ 8ರ ಮಧ್ಯಾಹ್ನ ಈ ಮುದಿ ಎಮ್ಮೆ ನಿಧಾನಕ್ಕೆ ಬಂದು ಕಂಬರ್ಲೆಂಡ್ ಅನ್ನೋ ಮರದ ಯುದ್ಧನೌಕೆಗೆ ಸೀದಾ ಗುದ್ದಿತು. ಅವ್ರು ಹೊಡೆದ ಗುಂಡೆಲ್ಲ ಇಳಿಜಾರು ಗೋಡೆಗೆ ಬಿದ್ದು ಜಾರಿ ಹೋಗ್ತಿತ್ತು. ಜಾರ್ಲಿ ಅಂತಾನೇ ಗೋಡೆಗೆಲ್ಲ ಕೊಬ್ಬು ಬಳಿದಿದ್ರು, ಬಿಸಿಗೆ ಅದು ಬಾಣಲೆಯಲ್ಲಿ ಹುರಿದಂಗೆ ಚರಚರ ಅಂತಿತ್ತಂತೆ. ಕಂಬರ್ಲೆಂಡ್‌ನವರು ಮುಳುಗ್ತಾ ಮುಳುಗ್ತಾನೂ ಫಿರಂಗಿ ಹೊಡೀತಾನೇ ಇದ್ರು, 121 ಜನ ಸತ್ರು. ಆಮೇಲೆ ಕಾಂಗ್ರೆಸ್ ಅನ್ನೋ ಹಡಗಿನ ಸರದಿ, ಅದು ಶರಣಾಯ್ತು, ಆದ್ರೂ ಸುಟ್ಟುಹೋಯ್ತು. ಆ ಹಡಗಲ್ಲಿ ವರ್ಜೀನಿಯಾದ ಕ್ಯಾಪ್ಟನ್ ಬುಕಾನನ್‌ನ ಸ್ವಂತ ಅಣ್ಣತಮ್ಮನೇ ಇದ್ದ ಅನ್ನೋದು ಓದಿದಾಗ ನಾನು ಪುಸ್ತಕ ಕೆಳಗಿಟ್ಟಿದ್ದೆ. ಒಂದೇ ಮಧ್ಯಾಹ್ನಕ್ಕೆ ಇನ್ನೂರಕ್ಕೂ ಹೆಚ್ಚು ಜನ ಹೋದ್ರು. ನೂರಾರು ವರ್ಷ ಸಮುದ್ರ ಆಳಿದ ಮರದ ಹಡಗಿನ ಕಥೆ ಮುಗಿದಿದ್ದು ಅವತ್ತು.

ಹಾಗಂತ ಕಬ್ಬಿಣ ಹೊದಿಸೋದು ಅಮೆರಿಕದವ್ರ ಬುದ್ಧಿ ಏನಲ್ಲ. 1853ರಲ್ಲಿ ಸಿನೋಪ್‌ನಲ್ಲಿ ರಷ್ಯನ್ನರ ಸಿಡಿಯೋ ಗುಂಡುಗಳು ತುರ್ಕರ ಮರದ ಹಡಗುಗಳನ್ನ ಬೂದಿ ಮಾಡಿದಾಗಲೇ ಎಲ್ಲರಿಗೂ ಭಯ ಹತ್ತಿತ್ತು, 1859ಕ್ಕೆ ಫ್ರಾನ್ಸ್ ಗ್ಲುವಾರ್ ಅನ್ನೋ ಹಡಗು ನೀರಿಗಿಳಿಸಿತ್ತು, ಮುಂದಿನ ವರ್ಷವೇ ಬ್ರಿಟನ್ ವಾರಿಯರ್ ಇಳಿಸಿತ್ತು. ಆದ್ರೆ ಹಡಗಿಗೆ ಹಡಗು ಎದುರಾಗಿ ಕಬ್ಬಿಣ ಮರನಾ ಹಿಂಗೆ ಮುರಿದು ಹಾಕಿದ್ದು ಇಲ್ಲೇ.

ವಾಷಿಂಗ್ಟನ್‌ನಲ್ಲಿ ಯುದ್ಧಮಂತ್ರಿ ಸ್ಟಾಂಟನ್‌ಗೆ ಕೈಕಾಲೇ ಆಡ್ಲಿಲ್ಲ, ಇದು ಪೊಟೋಮ್ಯಾಕ್ ನದಿಗೆ ಬಂದು ವೈಟ್ ಹೌಸ್‌ಗೇ ಗುಂಡು ಹೊಡೆಯುತ್ತೆ ಅಂತ. ಹಡಗಿಗೆ 22 ಅಡಿ ಆಳದ ನೀರು ಬೇಕು, ಅಷ್ಟು ದೂರ ಅದೆಲ್ಲಿ ಬರುತ್ತೆ ಪಾಪ.

ಅವತ್ತು ರಾತ್ರಿ ಉರೀತಿದ್ದ ಕಾಂಗ್ರೆಸ್‌ನ ಬೆಳಕಲ್ಲಿ ಉತ್ತರದವರ ಮಾನಿಟರ್ ಬಂತು. ಎರಿಕ್ಸನ್ ಅನ್ನೋ ಸ್ವೀಡನ್ ಮೂಲದ ಎಂಜಿನಿಯರ್ ಬ್ರೂಕ್ಲಿನ್‌ನಲ್ಲಿ ಸುಮಾರು ನೂರು ದಿನದಲ್ಲಿ ಕಟ್ಟಿಸಿದ್ದು. ನೀರಿಗೆ ಸಮ ಇರೋ ಚಪ್ಪಟೆ ಕಬ್ಬಿಣದ ಹಲಗೆ, ಅದ್ರ ಮೇಲೆ ಗುಂಡಗೆ ಡಬ್ಬಿ ಥರ ಒಂದು ಗೋಪುರ, ಒಳಗೆ ಎರಡೇ ಎರಡು ಫಿರಂಗಿ, ಡಬ್ಬಿ ಹಬೆಯ ಬಲದಲ್ಲಿ ತಿರುಗುತ್ತೆ. ಹಡಗು ಯಾವ ಕಡೆಗಾದ್ರೂ ಇರ್ಲಿ, ಫಿರಂಗಿ ಬೇಕಾದ ಕಡೆಗೆ. ನಿಜವಾದ ಹೊಸತನ ಇದು.

ಪೇಪರ್ ಮೇಲೆ. ಒಳಗಿನ ಅವಸ್ಥೆ ಕೇಳಿ. ಗೋಪುರದ ಒಳಗಿದ್ದೋರ ಮುಖ್ಯಸ್ಥ ಗ್ರೀನ್ ಅಂತ, 22 ವರ್ಷದ ಹುಡುಗ. ಹಡಗಿನ ಮೂತಿ ಯಾವ ಕಡೆ, ಎಡ ಯಾವುದು ಬಲ ಯಾವುದು ಅಂತ ಗೊತ್ತಾಗ್ಲಿ ಅಂತ ಕೆಳಗಿನ ನೆಲದ ಮೇಲೆ ಬಿಳಿ ಗುರುತು ಹಾಕಿದ್ರು, ಗೋಪುರ ಮಾತ್ರ ತಿರುಗುತ್ತೆ, ಆ ನೆಲ ತಿರುಗಲ್ಲ. ಯುದ್ಧ ಶುರುವಾಗಿ ಸ್ವಲ್ಪ ಹೊತ್ತಿಗೇ ಗುರುತೆಲ್ಲ ಅಳಿಸಿಹೋಯ್ತು. ಕ್ಯಾಪ್ಟನ್ ವರ್ಡೆನ್ ಮುಂದಿನ ಪುಟ್ಟ ಗೂಡಲ್ಲಿ, ಅಲ್ಲಿಂದ ಮಾತಾಡೋ ಕೊಳವೆ ಕೈಕೊಡ್ತು, ಆಮೇಲೆ ಸಂಬಳದ ಲೆಕ್ಕ ನೋಡ್ಕೊಳ್ಳೋನೂ ಅವ್ನ ಗುಮಾಸ್ತನೂ ಓಡಿ ಓಡಿ ಸುದ್ದಿ ಮುಟ್ಟಿಸ್ಬೇಕು, ಅವ್ರಿಗೋ ಹಡಗಿನವರ ಭಾಷೆ ಸರಿಯಾಗಿ ಬರಲ್ಲ. ಗೋಪುರ ಒಂದ್ಸಲ ತಿರುಗೋಕೆ ಶುರುವಾದ್ರೆ ಬೇಕಾದ ಕಡೆ ನಿಲ್ಲಿಸೋದೂ ಕಷ್ಟ, ಅದಕ್ಕೆ ತಿರುಗ್ತಾ ಇರೋವಾಗ್ಲೇ ವರ್ಜೀನಿಯಾ ಕಣ್ಣಿಗೆ ಬಿದ್ರೆ ಹೊಡೀತಿದ್ರು.

ನಾಲ್ಕು ಗಂಟೆ ಹೊಡೆದಾಡಿದ್ರು. ಮರದ ಹಡಗುಗಳು ಸಿಗುತ್ತವೆ ಅಂತ ವರ್ಜೀನಿಯಾದವರು ಬರೀ ಸಿಡಿಯೋ ಗುಂಡು ತಂದಿದ್ರು, ಕಬ್ಬಿಣ ಒಡೆಯೋ ಗಟ್ಟಿ ಗುಂಡು ಇರ್ಲಿಲ್ಲ. ಮಾನಿಟರ್‌ನವರಿಗೆ ಫಿರಂಗಿ ಒಡೆದುಹೋದೀತು ಅಂತ 15 ಪೌಂಡ್‌ಗಿಂತ ಜಾಸ್ತಿ ಮದ್ದು ತುಂಬಬೇಡಿ ಅಂತ ಆರ್ಡರ್ ಆಗಿತ್ತು, ಅದ್ರ ಎರಡರಷ್ಟು ತುಂಬಬಹುದು ಅಂತ ಆಮೇಲೆ ಗೊತ್ತಾಯ್ತು. ಕೊನೆಗೆ ವರ್ಡೆನ್ ನೋಡ್ತಿದ್ದ ಸಂದಿಗೇ ಒಂದು ಶೆಲ್ ಬಿದ್ದು ಕಣ್ಣಿಗೆ ಪೆಟ್ಟಾಯ್ತು, ಆ ಗಲಾಟೇಲಿ ಎರಡೂ ಹಿಂದೆ ಸರಿದವು, ಇಬ್ಬರೂ ನಾವೇ ಗೆದ್ವಿ ಅಂದ್ರು.

ಆಮೇಲೆ ಆಗಿದ್ದೇ ತಮಾಷೆ. ಫಿರಂಗಿಯಿಂದ ಕಬ್ಬಿಣ ಮುಳುಗಲ್ಲ, ಗುದ್ದಿದ್ರೆ ಮುಳುಗುತ್ತೆ ಅಂತ ನೌಕಾಪಡೆಗಳ ತಲೆಗೆ ಹೊಕ್ಕಿತು. 1866ರಲ್ಲಿ ಲಿಸ್ಸಾ ಯುದ್ಧದಲ್ಲಿ ಆಸ್ಟ್ರಿಯಾದ ಅಡ್ಮಿರಲ್ ಟೆಗೆಟ್‌ಹಾಫ್ ಇಟಲಿಯ ರೆ ಡಿಟಾಲಿಯಾ ಹಡಗಿಗೆ ಗುದ್ದಿ ನಿಮಿಷಗಳಲ್ಲಿ ಮುಳುಗಿಸಿದ. ಆ ಹಡಗಿನ ಚುಕ್ಕಾಣಿ ಮೊದಲೇ ಹೋಗಿತ್ತು, ನಿಂತ ಕೋಣಕ್ಕೆ ಹೊಡೆದಂಗೆ. ಅದನ್ನ ಯಾರೂ ಲೆಕ್ಕಕ್ಕೆ ತಗೊಳ್ಲಿಲ್ಲ, ಇನ್ನೂ ದಶಕಗಟ್ಟಲೆ ಯುದ್ಧನೌಕೆಗಳಿಗೆ ಕೊಂಬು ಇಟ್ಟಿದ್ದೇ ಇಟ್ಟಿದ್ದು. ಗುದ್ದಿಸ್ಕೊಂಡು ಸತ್ತೋರು ಯಾರು? 1893ರಲ್ಲಿ ಕವಾಯತು ಮಾಡ್ತಾ ಬ್ರಿಟಿಷರ ಕ್ಯಾಂಪರ್‌ಡೌನ್ ಅವರದ್ದೇ ವಿಕ್ಟೋರಿಯಾಗೆ ಗುದ್ದಿತು, ಅಡ್ಮಿರಲ್ ಟ್ರಯಾನ್ ಸೇರಿ 358 ಜನ.

ಮಾನಿಟರ್, ವರ್ಜೀನಿಯಾ ಎರಡೂ ಆ ವರ್ಷ ತುಂಬೋವರೆಗೆ ಉಳೀಲಿಲ್ಲ. ದಕ್ಷಿಣದವರು ನಾರ್ಫೋಕ್ ಕೈಬಿಟ್ಟಾಗ 22 ಅಡಿ ನೀರು ಬೇಕಿದ್ದ ವರ್ಜೀನಿಯಾನ ನದಿ ಮೇಲಕ್ಕೆ ಒಯ್ಯೋಕಾಗದೆ ಮೇ ತಿಂಗಳಲ್ಲಿ ಅವರೇ ಸಿಡಿಸಿದ್ರು. ಮಾನಿಟರ್ ಡಿಸೆಂಬರ್ 31ಕ್ಕೆ ಕೇಪ್ ಹ್ಯಾಟರಸ್ ಹತ್ರ ಬಿರುಗಾಳೀಲಿ ಮಗುಚಿತು, 16 ಜನ ಹೋದ್ರು. ಗೋಪುರ ತನ್ನ ಭಾರಕ್ಕೇ ಕೂತಿದ್ದು, ಮಗುಚಿದಾಗ ಕಳಚ್ಕೊಂಡು ತಲೆಕೆಳಗಾಗಿ ತಳ ಸೇರ್ತು. 2002ರಲ್ಲಿ ಮೇಲೆತ್ತಿದಾಗ ಒಳಗೆ ಇಬ್ಬರ ಅಸ್ಥಿಪಂಜರ ಇತ್ತು.

ನಾವು ಹೋದದ್ದು ಅದನ್ನ ನೋಡೋಕೆ, ಮ್ಯಾರಿನರ್ಸ್ ಮ್ಯೂಸಿಯಂಗೆ. ಉಪ್ಪು ಬಿಡಿಸೋಕೆ ವರ್ಷಗಟ್ಟಲೆ ತೊಟ್ಟಿಯ ನೀರಲ್ಲಿ ಇಟ್ಟಿದ್ದಾರೆ, ಹಂಗೇ ಒಣಗಿಸಿದ್ರೆ ಕಬ್ಬಿಣ ಬಿರಿಯುತ್ತಂತೆ. ಗಾಜಿಗೆ ಮೂಗು ಒತ್ತಿ ನೋಡಿದೆ, ಕಂದು ನೀರು, ಒಂದು ದುಂಡನೆ ನೆರಳು, ಅಷ್ಟೇ. ವರ್ಜೀನಿಯಾದ ಗುಂಡು ಬಿದ್ದ ತಗ್ಗುಗಳನ್ನ ಫೋಟೋದಲ್ಲಿ ನೋಡ್ಕೊಂಡು ಬಂದೆ.

ಮುಳುಗೋ ರಾತ್ರಿ ಹಡಗಿನ ಬೆಕ್ಕು ಕಿರುಚ್ತಾ ಇತ್ತು, ಅದನ್ನ ಫಿರಂಗಿಯ ಬಾಯಿಗೆ ತುರುಕಿ ಮುಚ್ಚಿಬಿಟ್ಟೆ ಅಂತ ಬದುಕುಳಿದ ಒಬ್ಬ ನಾವಿಕ ಬರೆದಿದ್ದ. ವಾಪಸ್ ಬರೋವಾಗ ಸುರಂಗದಲ್ಲಿ ಈ ಕಥೆ ಹೇಳಿದೆ. ಅಲ್ಲಿವರೆಗೂ ಸುಮ್ಮನಿದ್ದ ಹುಡುಗಿ ಚಿಪ್ಸ್ ಪ್ಯಾಕೆಟ್ ಕೆಳಗಿಟ್ಟು, "ತಾತ, ಬೆಕ್ಕು ಸಿಕ್ತಾ?" ಅಂದ್ಲು. ಸಿಕ್ಕಿಲ್ಲ ಪುಟ್ಟಿ, ಅವನು ಸುಳ್ಳು ಬರೆದಿರ್ಬೇಕು ಅಂದೆ. ಮನೆ ಮುಟ್ಟೋವರೆಗೂ ಅದೇ ಮಾತು.